ಒಂದೇ ಪಡಸಾಲಿಯ ಎರಡು ಕರಿಕೋಟು

ವಕೀಲರ ಮನೆಯಲ್ಲಿ ನಾನು ಎಲ್ಲಿ ಕೂರಬೇಕು?

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ. ಪಕ್ಕದಲ್ಲಿ ಅವ್ವ ಕುಂತಿದ್ದಳು. ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಆ ಕೈಯಲ್ಲಿ ನಾಲ್ಕು ಬೆರಳಿಲ್ಲ. ನನ್ನ ಚಿಂತೆ ಆ ಬೆರಳಿನದಲ್ಲ, ಕೂರುವ ಜಾಗದ್ದು. ಅವ್ವ ನೆಲದ ಮೇಲೆ ಕೂರುತ್ತಾಳೆ. ಅದು ಗೊತ್ತಿದ್ದದ್ದೇ. ಜೋಗಪ್ಪ ಮಾವ ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಅದೂ ಗೊತ್ತು. ನಾನು ಬೆಂಚಿನ ಮೇಲೆ ಕುಂತರೆ ಹೆತ್ತವ್ವನ ತಲೆಗಿಂತ ಮೇಲಾಗುತ್ತೇನೆ. ನೆಲದ ಮೇಲೆ ಕುಂತರೆ ಚಿಮಣಿ ಎಣ್ಣೆ ಸುಟ್ಟು ಓದಿದ ಬಿ.ಎ.ಯೂ ನನ್ನ ಜೊತೆ ನೆಲ ಹಿಡಿಯುತ್ತದೆ. ಇದನ್ನು ಡೈರಿಯಲ್ಲಿ ಬರೆಯಲಿಕ್ಕೂ ನಾಚಿಕೆಯಾಯಿತು. ಆದರೂ ಬರೆದೆ. ಬಾಯಲ್ಲಿ ಬಾರದ್ದೆಲ್ಲ ಬರೆಯುವ ಚಟ ನನಗೆ.

ಕೊನೆಗೆ ನಿಂತೇ ಇರುವುದು ಅಂತ ತೀರ್ಮಾನ ಮಾಡಿದೆ.

ಅವ್ವನ ಹೆಸರು ಜಂಬಕ್ಕ. ಕೊಟ್ಟೂರಿನ ಪಾಲಾಕ್ಷಪ್ಪ ಸಾವ್ಕಾರರ ಶೇಂಗಾ ಮಿಲ್ಲಿನಲ್ಲಿ ದುಡಿದವಳು. ನಾನು ಹುಟ್ಟುವ ಮೊದಲಿನಿಂದ ದುಡಿದವಳು. ಅಪ್ಪ ಸತ್ತ ದಿನಕ್ಕೂ ಮಾರನೆಯ ದಿನಕ್ಕೂ ಮಾತ್ರ ರಜೆ ಮಾಡಿದವಳು. ಮಿಲ್ಲಿಗೆ ಎರಡು ಬಾಗಿಲು. ಮುಂದಿನ ಬಾಗಿಲು ಲಾರಿಗೆ, ಸಾವ್ಕಾರರಿಗೆ, ಸಾವ್ಕಾರರ ನಾಯಿಗೆ. ಹಿಂದಿನದು ಹೆಂಗಸರಿಗೆ. ಒಳಗೆ ಹೋದರೆ ಚೀಲ ಬಿಚ್ಚಬೇಕು. ಬುಟ್ಟಿ ತುಂಬಬೇಕು. ಬುಟ್ಟಿ ಹೊತ್ತು ಏಣಿ ಹತ್ತಬೇಕು. ಕಾಯಿ ಒಡೆಯುವ ಮಷೀನಿನ ಬಾಯಿಗೆ ಸುರಿಯಬೇಕು. ಇಳಿಯಬೇಕು. ಮತ್ತೆ ತುಂಬಬೇಕು. ಹೊಟ್ಟಿನ ಧೂಳು ಮೂಗಿನಲ್ಲಿ, ಕಿವಿಯಲ್ಲಿ, ತಿನ್ನುವ ರೊಟ್ಟಿಯಲ್ಲಿ. ಮಷೀನಿನ ಬಾಯಿ ಕಟ್ಟಿಕೊಂಡರೆ ಕೈ ಹಾಕಿ ಬಿಡಿಸಬೇಕು. ಮಷೀನು ನಿಲ್ಲಿಸಿ ಬಿಡಿಸಿದರೆ ಮೇಸ್ತ್ರಿ ಬೈಯುತ್ತಿದ್ದ. "ನಿಮ್ಮಪ್ಪನ ಮನಿ ಕರೆಂಟಲ್ಲ ಇದು" ಅನ್ನುತ್ತಿದ್ದ. ಹಾಗಾಗಿ ಯಾರೂ ನಿಲ್ಲಿಸುತ್ತಿರಲಿಲ್ಲ.

ಸಂಜೆ ಮಿಲ್ಲು ಬಿಟ್ಟ ಮೇಲೆ ಇನ್ನೊಂದು ಕೆಲಸ ಇತ್ತು. ಹೆಂಗಸರೆಲ್ಲ ಹಿಂದಿನ ಬಾಗಿಲಲ್ಲಿ ಸಾಲಾಗಿ ನಿಲ್ಲಬೇಕು. ಬಾಗಿಲಲ್ಲಿ ವಾಚ್‌ಮನ್ ಪಕ್ಕೀರಪ್ಪ. ಅವನ ಮುಂದೆ ಒಬ್ಬೊಬ್ಬರೇ ಸೀರೆಯ ಉಡಿ ಬಿಚ್ಚಿ ಜಾಡಿಸಿ ತೋರಿಸಬೇಕು. ಎರಡು ಸಲ. ಒಂದು ಕಾಳೂ ಬೀಳಬಾರದು. ಆಮೇಲೆ ಅವನು "ಹೂಂ, ನಡಿ" ಅನ್ನಬೇಕು. ಆಮೇಲೆ ಮನೆ. ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸುವುದು ದೊಡ್ಡ ಪುಣ್ಯ ಅಂತ ಹೇಳುವ ಊರು ನಮ್ಮದು. ಆ ಊರಿನಲ್ಲಿ ನಮ್ಮವ್ವ ದಿನಾ ಉಡಿ ಜಾಡಿಸಿ ಮನೆಗೆ ಬಂದಳು. ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಬರೆಯುವುದು ಗಂಡಾಳುಗಳ ಹೆಸರನ್ನಷ್ಟೇ. ಹೆಂಗಸರ ಹೆಸರು ಬರೆದು ಮಸಿ ಯಾಕೆ ಹಾಳು ಮಾಡಬೇಕು?

ದೀಪಾವಳಿ ಮುಗಿದು ಹೊಸ ಕಾಯಿ ಬಂದಿತ್ತು. ಮಷೀನಿನ ಬಾಯಿ ಕಟ್ಟಿಕೊಂಡಿತು. ಅವ್ವ ಕೈ ಹಾಕಿದಳು. ಏಣಿಯ ಕೆಳಗಿನ ಮೆಟ್ಟಿಲಲ್ಲಿ ಇದ್ದ ಹಮೀದಾ ಬೀ ಬುಟ್ಟಿ ಒಗೆದು, ಮೇಲೆ ಹತ್ತಿ, ಅವ್ವನ ರಟ್ಟೆ ಹಿಡಿದು ಎಳೆದಳು. ಬೆರಳು ಬಿಟ್ಟು ಉಳಿದದ್ದೆಲ್ಲ ಬಂತು. ರಕ್ತ ಹತ್ತಿದ ಕಾಯಿಯನ್ನು ಮೇಸ್ತ್ರಿ ಬೇರೆ ರಾಶಿ ಹಾಕಿಸಿದನಂತೆ. ಆಮೇಲೆ ಅದನ್ನೂ ಎಣ್ಣೆಗೆ ಹಾಕಿದರಂತೆ. ನಮ್ಮ ಕೈಯ ನೀರು ಮುಟ್ಟದ ಎಷ್ಟು ಮನೆಗಳಲ್ಲಿ ಆ ಎಣ್ಣೆಯ ಒಗ್ಗರಣೆ ಆಯಿತೋ, ಎಷ್ಟು ದೇವರ ಮುಂದೆ ಆ ಎಣ್ಣೆಯ ದೀಪ ಉರಿಯಿತೋ, ಯಾವ ಮಡಿವಂತನಿಗೂ ಗೊತ್ತಿಲ್ಲ.

ಅವ್ವ ಆಸ್ಪತ್ರೆಯಲ್ಲಿದ್ದಾಗಲೇ ಮಿಲ್ಲಿನಿಂದ ಮಾತು ಹೊರಟಿತು. ಜಂಬಕ್ಕ ನಮ್ಮ ಆಳೇ ಅಲ್ಲ. ಪುಸ್ತಕದಾಗ ಹೆಸರು ತೋರಿಸ್ರಿ ನೋಡೋಣ. ಶೇಂಗಾ ಕದಿಯಾಕ ಬಂದಿದ್ಲು, ಕೈ ಸಿಕ್ಕೊಂಡ್ಳು.

ಕಾಲೇಜಿನ ಮೇಷ್ಟ್ರೊಬ್ಬರು ಬಳ್ಳಾರಿಯ ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕು ಅಂದರು. ಹಾಕಿದೆ. ಅಧಿಕಾರಿ ಕೂಡ್ಲಿಗಿಯ ಸರಕಾರಿ ಬಂಗಲೆ ಐಬಿಗೆ ಬರುತ್ತಾರೆ, ಅಲ್ಲಿ ವಿಚಾರಣೆ ಅಂತ ನೋಟೀಸು ಬಂತು. ಮಾದಿಗರ ಕೇರಿಗೆ ಸರಕಾರದ ನೋಟೀಸು ಬಂದರೆ ಹೆಣ ಬಂದಷ್ಟು ಜನ ಸೇರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: ವಕೀಲರನ್ನ ಹಿಡೀರಿ.

"ವಕೀಲ್ರು ಅಂದ್ರ ಕೂಡ್ಲಿಗಿ ನಾಗೇಂದ್ರಪ್ಪನೋರು," ಅಂದ ಜೋಗಪ್ಪ ಮಾವ. ಅವ್ವನ ತಮ್ಮ ಅವನು. ನಮ್ಮ ಮನೆಯ ಹಿರಿತನ ಅವನದೇ. "ಅವ್ರ ಮನಿ ಮುಂದ ಚಪ್ಲಿ ನೋಡೀರೇನು? ಸಂತಿ ಕೂಡಿದಂಗ ಬಿದ್ದಿರ್ತಾವು."

"ಚಪ್ಲಿ ನೋಡಿ ವಕೀಲ್ರನ್ನ ಹಿಡಿತಾರೇನಪಾ ಜೋಗಣ್ಣ?" ಅಂದವಳು ಹಮೀದಾ ಬೀ. ಮಿಲ್ಲು ಬಿಟ್ಟವಳು ಸೀದಾ ನಮ್ಮ ಕೇರಿಗೆ ಬಂದಿದ್ದಳು.

"ಮತ್ತೇನು ನೋಡಬೇಕವಾ? ಅವ್ರ ಹಲ್ಲು ನೋಡ್ಲೇನು?"

"ಭಾಳ ಬೈತಾರಂತ."

"ಬೈಯೋ ವಕೀಲನೇ ಗಟ್ಟಿ ವಕೀಲ. ಮನಿಗೆ ಬಂದ ನಮಗೇ ಹಂಗ ಬೈತಾರಂದ್ರ, ಕೋರ್ಟಿನಾಗ ಆ ಕಡ್ಯಾರಿಗೆ ಹೆಂಗ ಬೈಬಾರದು!"

ಕಟ್ಟೆಯ ಮೇಲಿದ್ದವರೆಲ್ಲ ಹೌದೌದು ಅಂದರು. ಆ ಕಡೆಯವರಿಗೆ ನಾಗೇಂದ್ರಪ್ಪ ಬೈದದ್ದನ್ನು ಯಾರೂ ನೋಡಿರಲಿಲ್ಲ. ನಮಗೆ ಬೈದದ್ದನ್ನು ಎಲ್ಲರೂ ನೋಡಿದ್ದರು. ಅಷ್ಟು ಸಾಕ್ಷಿ ಸಾಕಾಯಿತು.

"ಅವ್ರು ಪಾಲಾಕ್ಷಪ್ಪನ ವಕೀಲ್ರು ಅಲ್ಲೇನು?" ಹಮೀದಾ ಬೀ ಬಿಡಲಿಲ್ಲ. "ಮಿಲ್ಲಿನ ಆಫೀಸಿನಾಗ ಕುಂತು ಚಾ ಕುಡಿತಿರ್ತಾರ. ನಾನೇ ಕಣ್ಣಾರೆ ನೋಡೀನಿ."

"ಅದಕ್ಕೇ ಅವ್ರ ಕಡಿ ಹೋಗಬೇಕು!" ಮಾವ ತೊಡೆ ತಟ್ಟಿದ. "ಬ್ಯಾರೆ ವಕೀಲ ಅಂದ್ರ ಜಗಳ. ಇವ್ರಿಗಾದ್ರ ಎರಡೂ ಕಡಿ ಗೊತ್ತಿರತೈತಿ. ಸಾವ್ಕಾರರಿಗೆ ಒಂದು ಮಾತು ಹೇಳಿ ಮುಗಿಸಿಬಿಡ್ತಾರ. ನಮ್ಮಪ್ಪನ ಕಾಲದಿಂದ ಆ ಮನೀನೇ ನಮಗ ವಕೀಲ್ರ ಮನಿ."

ಮಾವನ ಅಪ್ಪನ ಕಾಲದ ಆ ಕಥೆ ನಮ್ಮ ಮನೆಯಲ್ಲಿ ಪುರಾಣ. ನನ್ನ ತಾತನನ್ನು ಯಾವುದೋ ಗೌಡನ ಬಣವಿಗೆ ಬೆಂಕಿ ಬಿದ್ದ ಕೇಸಿನಲ್ಲಿ ಒಳಗೆ ಹಾಕಿದ್ದರು. ಬೆಂಕಿ ಬಿದ್ದಾಗ ತಾತ ಬೇರೆ ಊರಿನಲ್ಲಿದ್ದ. ನಾಗೇಂದ್ರಪ್ಪನ ತಂದೆ ಜಾಮೀನು ಕೊಡಿಸಿದರು. ಆಮೇಲೆ ತಾತ ಬದುಕಿದ್ದಷ್ಟು ದಿನ ಅವರ ಮನೆಯ ಸತ್ತ ದನ ಎಳೆದ. ಕೇಸು ಏನಾಯಿತು ಅಂತ ಯಾರೂ ಹೇಳುವುದಿಲ್ಲ. ದನ ಎಳೆದದ್ದನ್ನು ಎಲ್ಲರೂ ಹೇಳುತ್ತಾರೆ, ಅದೂ ಹೆಮ್ಮೆಯಿಂದ. ಕುರಿ ಕೊಳ್ಳುವಾಗ ಬಾಯಿ ಬಿಡಿಸಿ ನೋಡುವ ಜನ ನಾವು. ಹತ್ತು ಕುರಿಯ ಬೆನ್ನು ಮುಟ್ಟಿ ಒಂದನ್ನು ಆರಿಸುತ್ತೇವೆ. ವಕೀಲನನ್ನು ಮಾತ್ರ ಆರಿಸುವುದಿಲ್ಲ. ಅವನು ಜಾತಿಯಂತೆ, ಹುಟ್ಟುವಾಗಲೇ ಅಂಟಿಕೊಂಡು ಬರುತ್ತಾನೆ.

ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಈ ಮನುಷ್ಯ ಯಾರ ಉಪ್ಪು ತಿಂದಿದ್ದಾನೆ? ಹಮೀದಾ ಬೀ ಅದನ್ನು ಬಾಯಿ ಬಿಟ್ಟು ಕೇಳಿದಳು. ಅವಳು ಸಾಲಿ ಮೆಟ್ಟಿಲು ಹತ್ತಿದವಳಲ್ಲ. ನಾನು ಗೋಡೆಗೆ ಆತುಕೊಂಡು ನಿಂತು ಮನಸ್ಸಿನಲ್ಲೇ ಹೌದು ಅಂದೆ.

ಕೂಡ್ಲಿಗಿಯಲ್ಲಿ ಬಸ್ಸಿಳಿದು ಹೋದರೆ, ನಾಗೇಂದ್ರಪ್ಪನವರ ಮನೆಯ ಮುಂದೆ ಚಪ್ಪಲಿ ಇದ್ದವು. ಮಾವ ಅವುಗಳನ್ನು ನೋಡಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಪಡಸಾಲಿಯಲ್ಲಿ ಬೆತ್ತದ ಕುರ್ಚಿ. ಅದರಲ್ಲಿ ವಕೀಲರು. ಪಕ್ಕದ ಕುರ್ಚಿಯಲ್ಲಿ, ಬಸಿಯಲ್ಲಿ ಚಾ ಹೊಯ್ದುಕೊಂಡು ಊದುತ್ತಾ, ಪಾಲಾಕ್ಷಪ್ಪ ಸಾವ್ಕಾರರು.

ಅವ್ವ ಸೆರಗು ಹಣೆಗೆ ಎಳೆದುಕೊಂಡಳು. ಮಾವನ ಮುಖ ಅರಳಿತು. ನನ್ನ ಕಿವಿಯಲ್ಲಿ ಅಂದ: "ನೋಡಿದ್ಯಾ? ಇಬ್ರೂ ಒಂದೇ ಕಡಿ ಸಿಕ್ರು. ನಮ್ಮ ಪುಣ್ಯ."

"ಯಾರಲೇ ಅದು?" ಅಂದರು ವಕೀಲರು.

"ನಾನ್ರೀ ಧಣಿ, ಜೋಗ. ಕೊಟ್ಟೂರು ಕೇರಿ ದುರುಗನ ಮಗ."

"ಇನ್ನಾ ಅದೀಯಾ? ಸತ್ತಿ ಅಂದ್ಕೊಂಡಿದ್ದೆ."

ಮಾವ ಹಲ್ಲು ಕಿರಿದ. ಬಹುಮಾನ ಸಿಕ್ಕವನು ಹಾಗೆ ನಗಬೇಕು.

"ಏನಬೇ, ಕೈ ತೋರ್ಸು."

ಅವ್ವ ಸೆರಗು ಸರಿಸಿ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಗಾಯ ಇನ್ನೂ ಮಾಗಿರಲಿಲ್ಲ. ಬಟ್ಟೆ ಅಂಟಿಕೊಂಡಿತ್ತು. ಎಳೆದಾಗ ಹಲ್ಲು ಕಚ್ಚಿದಳು. ವಕೀಲರು ಅಡಿಕೆ ಅಗಿಯುತ್ತ ನೋಡಿದರು. ಸಾವ್ಕಾರರು ಚಾ ಬಸಿಯನ್ನು ಸ್ವಲ್ಪ ಆ ಕಡೆ ಸರಿಸಿಕೊಂಡರು.

"ಹೆಬ್ಬೆಟ್ಟು ಐತಲ್ಲ," ಅಂದರು ವಕೀಲರು.

"ಅವ್ರಿಗೆ ಅದಿದ್ರ ಸಾಕಲ್ರಿ," ಅಂದರು ಸಾವ್ಕಾರರು. ಇಬ್ಬರೂ ನಕ್ಕರು.

"ಖರೇ ಹೇಳು," ವಕೀಲರು ಅವ್ವನಿಗೆ ಅಂದರು. "ಉಡ್ಯಾಗ ಎಷ್ಟು ಕಟ್ಕೊಂಡಿದ್ದಿ?"

"ಇಲ್ರೀ ಯಪ್ಪಾ. ಕೆಲಸಕ್ಕ ಹೋಗಿದ್ದೆ. ಸಾವ್ಕಾರರು ಇಲ್ಲೇ ಅದಾರಲ್ಲ, ಅವ್ರನ್ನೇ ಕೇಳ್ರಿ."

ಅವ್ವ ಅಷ್ಟು ನಂಬಿದ್ದಳು. ಸಾವ್ಕಾರರು ಕಂಬದ ಮೇಲಿನ ಹಲ್ಲಿ ನೋಡಿದರು.

"ಇದ್ಯಾರು, ಕಂಬದಂಗ ನಿಂತಾಳ?" ಅಂದರು ವಕೀಲರು.

"ನಮ್ಮಕ್ಕನ ಮಗಳ್ರೀ ಧಣಿ, ಭರಮಮ್ಮ. ಬಿ.ಎ. ಆಗ್ಯಾಳ."

"ಬಿ.ಎ.! ಹಂಗಾದ್ರ ನನ್ಯಾಕ ಹುಡಿಕ್ಕೊಂಡು ಬಂದ್ರಿ? ನೀನೇ ಕರಿಕೋಟು ಹಾಕ್ಕೋಬೇ ಭರಮಿ."

ಮತ್ತೆ ನಗು. ಮೂರು ವರ್ಷ ಓದಿದ ಅಕ್ಷರಗಳೆಲ್ಲ ಹಾಜರಿ ಕೂಗಿದಾಗ ಓಡಿಹೋಗುವ ಮಕ್ಕಳಂತೆ ಓಡಿಹೋದವು.

ನಾಗೇಂದ್ರಪ್ಪನವರು ಅಡಿಕೆ ಉಗುಳಿ ತೀರ್ಪು ಕೊಟ್ಟರು. "ನೋಡ್ರಲೇ. ನಾ ಸಾವ್ಕಾರರ ಕಡಿ ನಿಲ್ಲಬೇಕಾಗತೈತಿ. ಅದು ಹಳೇ ಬಾಂಧವ್ಯ. ಹಂಗಂತ ನಿಮ್ಮನ್ನ ಕೈ ಬಿಡ್ತೀನೇನು? ನಿಮ್ಮ ಕಡಿ ನಮ್ಮ ಹುಡುಗನ್ನ ಕೊಡ್ತೀನಿ. ಯರ್ರಿ! ಏ ಯರ್ರಿಸ್ವಾಮಿ!"

ಹಿತ್ತಲ ಕಡೆಯಿಂದ ಒಬ್ಬ ಕಾಗದದ ಗಂಟು ಹೊತ್ತುಕೊಂಡು ಬಂದ. ಕರಿಕೋಟು. ನಮಗೆಲ್ಲ ಅವನ ಗುರುತಿತ್ತು. ಕಾನಹೊಸಹಳ್ಳಿ ಕೇರಿಯವ, ನಮ್ಮವ. ನಮ್ಮ ಪೈಕಿ ಮೊದಲು ವಕೀಲನಾದವ. ಅವನು ಓದು ಮುಗಿಸಿ ಊರಿಗೆ ಬಂದಾಗ ನಮ್ಮ ಕೇರಿಯವರು ಗಾಡಿ ಕಟ್ಟಿಕೊಂಡು ಹೋಗಿ ಆ ಕೋಟನ್ನು ಮುಟ್ಟಿ ನೋಡಿ ಬಂದಿದ್ದರು. ನಾನೂ ಆವತ್ತು ಡೈರಿಯಲ್ಲಿ ಏನೇನೋ ಬರೆದಿದ್ದೆ. ಕತ್ತಲು ಹರಿಯಿತು ಅಂತೆಲ್ಲ.

"ಇವ ನಿಮ್ಮ ಕಡಿ. ನಾನು ಆ ಕಡಿ. ಏನು ಖುಷಿನಾ?"

ಕುಸ್ತಿಯ ಕಣದಲ್ಲಿ ಒಂದೇ ಗರಡಿಯವರು ಎರಡೂ ಕಡೆ ನಿಂತು ಮೊದಲೇ ಮಾತಾಡಿಕೊಂಡು ಬಿದ್ದರೆ ಜನ ಕಲ್ಲು ತೂರುತ್ತಾರೆ. ಮಾವ ಕೈ ಮುಗಿದ. ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಹಿಂತಿರುಗುವಾಗ ಬಸ್ಸಿನ ತುಂಬ ಅದೇ ಮಾತು. "ದೊಡ್ಡೋರ ಮನಿ ಬುದ್ಧಿನೂ ಸಿಕ್ತು, ನಮ್ಮ ಜಾತಿ ಹುಡುಗನೂ ಸಿಕ್ಕ. ಇನ್ನೇನು ಬೇಕಬೇ ಯಕ್ಕಾ?"

ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಸಾವ್ಕಾರರು ಯಾಕೋ ಮಾತಾಡ್ಲಿಲ್ಲ," ಅಂದಳು. "ಮಂದಿ ಇದ್ರು ಅಂತ ಕಾಣತೈತಿ."

ವಿಚಾರಣೆಯ ಮುಂಚಿನ ಭಾನುವಾರ ಯರ್ರಿಸ್ವಾಮಿ ಕೇರಿಗೆ ಬಂದ. ಮಟಮಟ ಮಧ್ಯಾಹ್ನ ಕೋಟು ಹಾಕಿಕೊಂಡೇ ಬಂದ. ಹುಡುಗರು ಹಿಂದೆ ಓಡಿ ಬಂದರು. ಮುದುಕಿಯರು ದೃಷ್ಟಿ ತೆಗೆದರು. ಅವ್ವ ಅವನಿಗೆ ರೊಟ್ಟಿ ಮಾಡಿದಳು. ಒಂದು ಕೈಯಲ್ಲಿ ರೊಟ್ಟಿ ತಟ್ಟುವುದು ಹೇಗೆ ಅಂತ ಅವಳು ಇನ್ನೂ ಕಲಿಯುತ್ತಿದ್ದಳು. ಬಲಗೈ ತಟ್ಟುತ್ತಿತ್ತು. ಎಡಗೈ ತಿರುಗಿಸಬೇಕು, ಅದರಲ್ಲಿ ತಿರುಗಿಸುವುದೇನೂ ಇರಲಿಲ್ಲ. ಮಣಿಕಟ್ಟಿನಿಂದ ನೂಕುತ್ತಿದ್ದಳು. ರೊಟ್ಟಿ ಹರಿಯುತ್ತಿತ್ತು. ನಾನು ಮಾಡುತ್ತೇನೆ ಅಂದರೆ ಕೊಡಲಿಲ್ಲ. "ನಮ್ಮ ಹುಡುಗ, ವಕೀಲ. ನಾನೇ ಮಾಡಿ ಹಾಕಬೇಕು." ಆ ಹರಕು ರೊಟ್ಟಿಯನ್ನು ಅವನು ತಲೆ ತಗ್ಗಿಸಿ ತಿಂದ. ಕೈ ತೊಳೆದ. ಆಮೇಲೆ ಪಾಠ ಶುರು ಮಾಡಿದ.

"ಯಕ್ಕಾ, ಸಾಹೇಬ್ರು ಕೇಳ್ತಾರ, ಮಿಲ್ಲಿಗೆ ಯಾಕ ಹೋಗಿದ್ದಿ ಅಂತ. ಹೊಟ್ಟು ಕೇಳಾಕ ಹೋಗಿದ್ದೆ ಅನ್ನು. ಒಲಿಗೆ ಹಾಕಾಕ ಶೇಂಗಾ ಹೊಟ್ಟು. ಅಷ್ಟೇ ಅನ್ನು."

"ಕೆಲಸಕ್ಕ ಹೋಗಿದ್ದೆನಲ್ಲೋ ತಮ್ಮಾ."

"ಗೊತ್ತೈತಿ ಯಕ್ಕಾ. ಕೆಲಸಕ್ಕ ಅಂದ್ರ ನಿನ್ನ ಹೆಸರೆಲ್ಲಿ ಅಂತಾರ. ಪುಸ್ತಕದಾಗ ಹೆಸರಿಲ್ಲ. ಹೆಸರಿಲ್ಲ ಅಂದ್ರ ಕಳ್ಳಿ ಅಂತಾರ, ಪೊಲೀಸ್ ಅಂತಾರ. ಹೊಟ್ಟು ಅಂದ್ರ ಕಳವೂ ಅಲ್ಲ, ಕೆಲಸಾನೂ ಅಲ್ಲ. ಸಾವ್ಕಾರರು ಧರ್ಮಕ್ಕ ಅಂತ ಏನಾರ ಕೊಡ್ತಾರ. ನಾಗೇಂದ್ರಪ್ಪನೋರು ಮಾತಾಡ್ಯಾರ."

"ಧರ್ಮಕ್ಕೆ?" ಬಾಗಿಲಲ್ಲಿ ಕುಂತಿದ್ದ ಹಮೀದಾ ಬೀ ಕೇಳಿದಳು. "ಬೆರಳು ಇವಳು ಧರ್ಮಕ್ಕೆ ಕೊಟ್ಳೇನು? ನಾನು ಬರ್ತೀನಿ ವಕೀಲ್ರೇ. ನಾನೇ ಎಳದಾಕಿ. ಸಾಹೇಬ್ರ ಮುಂದ ಹೇಳ್ತೀನಿ."

"ಹೇಳಿದ್ರ ನಾಳಿಂದ ನಿನ್ನ ಒಳಗ ಬಿಡಂಗಿಲ್ಲ ಹಮೀದಾ ಬೀ."

"ಬಿಡದಿದ್ರ ಬಿಡ್ಲಿ. ನನ್ನವು ಹತ್ತೂ ಅದಾವು. ಹರಪನಹಳ್ಳ್ಯಾಗ ಮಿಲ್ಲು ಇಲ್ಲೇನು?"

ಯರ್ರಿಸ್ವಾಮಿ ಕೋಟಿನ ಗುಂಡಿ ಹಾಕಿಕೊಂಡ.

ಬಸ್ ಸ್ಟ್ಯಾಂಡಿನವರೆಗೆ ಕಳಿಸಿ ಬಾ ಅಂತ ಮಾವ ನನ್ನನ್ನು ಜೊತೆ ಮಾಡಿದ. ಹಾದಿಯ ಅರ್ಧಕ್ಕೆ ಬಂದಾಗ ಅವನೇ ಅಂದ:

"ನೀನು ಓದಿದಾಕಿ ಭರಮಕ್ಕ. ನಿನಗ ತಿಳಿತೈತಿ. ಅವ್ರ ಪಡಸಾಲಿ ಬಿಟ್ರ ನನ್ನ ಹತ್ರ ಯಾರು ಬರ್ತಾರ? ನಮ್ಮ ಮಂದಿನೂ ಬರಂಗಿಲ್ಲ. ನಿಮ್ಮ ಮಾವನ್ನೇ ಕೇಳು, ನಾನೊಬ್ಬನೇ ಬೇವಿನ ಗಿಡದ ಕೆಳಗ ಕುಂತಿದ್ರ ಬರ್ತಿದ್ನೇನು ಅಂತ. ಕರಿಕೋಟು ಹಾಕ್ಕೊಂಡ್ರ ಜಾತಿ ಮುಚ್ಚತೈತಿ ಅಂದ್ಕೊಂಡಿದ್ದೆ. ಹಿತ್ತಲ ಬಾಗಿಲಿಂದ ಬರ್ತೀನಿ, ಹಿತ್ತಲ ಬಾಗಿಲಿಂದ ಹೋಗ್ತೀನಿ. ಚಾ ಕುಡಿಯೋ ಲೋಟ ನಾನೇ ತೊಳದು ಗೂಡಿನಾಗ ಇಡ್ತೀನಿ. ನನಗೂ ಹೊಟ್ಟಿ ಐತಿ."

ಅವನು ಹೇಳಿದ್ದು ಸುಳ್ಳಲ್ಲ. ಒಂದು ಗಳಿಗೆ ನನಗೆ ಕನಿಕರ ಬಂತು. ಏನಾದರೂ ಹೇಳಬೇಕು ಅನಿಸಿತು. ಅಷ್ಟರಲ್ಲಿ ಬಸ್ಸು ಬಂತು, ಹೋದ. ಮನೆಗೆ ವಾಪಸು ಬಂದೆ. ಅವ್ವ ಒಲೆಯ ಮುಂದೆ ಕುಂತು ಸಾಲಿ ಮಗುವಿನ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು.

"ಹೊಟ್ಟು ಕೇಳಾಕ ಹೋಗಿದ್ದೇರಿ. ಹೊಟ್ಟು ಕೇಳಾಕ ಹೋಗಿದ್ದೇರಿ. ಭರಮೀ, ಸರಿ ಬರ್ತೈತೇನಬೇ?"

ಕನಿಕರ ಅಲ್ಲೇ ಸತ್ತಿತು. ತನ್ನ ಹೊಟ್ಟೆಗಾಗಿ ಒಬ್ಬ ಸುಳ್ಳು ಹೇಳಿದರೆ ಕ್ಷಮಿಸಬಹುದು. ಅವನು ಆ ಸುಳ್ಳನ್ನು ನಮ್ಮವ್ವನ ಬಾಯಿಗೆ ತುಂಬಿ ಹೋಗಿದ್ದ. ಹರಕು ರೊಟ್ಟಿ ತಿಂದು ತುಂಬಿ ಹೋಗಿದ್ದ.

ವಿಚಾರಣೆಯ ದಿನ ಐಬಿಯ ಹಜಾರದಲ್ಲಿ ಒಂದು ದೊಡ್ಡ ಮೇಜು. ಅದರ ಹಿಂದೆ ಬಳ್ಳಾರಿಯ ಅಧಿಕಾರಿ, ಪಕ್ಕದಲ್ಲಿ ಟೈಪು ಮಾಡುವವನು. ಸಾವ್ಕಾರರಿಗೆ ಕುರ್ಚಿ ಹಾಕಿದ್ದರು. ನಾಗೇಂದ್ರಪ್ಪನವರಿಗೂ ಹಾಕಿದ್ದರು. ಯರ್ರಿಸ್ವಾಮಿ ತನ್ನ ಗುರುಗಳ ಕುರ್ಚಿಯ ಹಿಂದೆ ನಿಂತಿದ್ದ. ನಮ್ಮ ಕಡೆಯ ವಕೀಲ ನಿಂತದ್ದು ಅಲ್ಲಿ. ಸಾವ್ಕಾರರ ಚೀಲ ಹಿಡಿದುಕೊಂಡು ವಾಚ್‌ಮನ್ ಪಕ್ಕೀರಪ್ಪನೂ ಬಂದಿದ್ದ. ಬಾಗಿಲಲ್ಲಿ ನಿಂತಿದ್ದ. ಬಾಗಿಲು ಬಿಟ್ಟರೆ ಅವನಿಗೆ ನಿಲ್ಲಲು ಬೇರೆ ಜಾಗ ಗೊತ್ತಿಲ್ಲ.

ಹಮೀದಾ ಬೀ ಹೊರಗೆ ಗಿಡದ ಕೆಳಗೆ ಕುಂತಿದ್ದಳು. ಕೆಲಸ ಬಿಟ್ಟು ಬಂದಿದ್ದಳು. ಜವಾನ ಅವಳನ್ನು ಒಳಗೆ ಬಿಡಲಿಲ್ಲ. ಸಾಕ್ಷಿ ಅಂತ ವಕೀಲರು ಹೆಸರು ಕೊಟ್ಟಿಲ್ಲ ಅಂದ. ನಾನು ಯರ್ರಿಸ್ವಾಮಿಯ ಹತ್ತಿರ ಹೋಗಿ, ತಲೆ ತಗ್ಗಿಸಿ, "ಅಣ್ಣಾ, ಹಮೀದಾ ಬೀ..." ಅಂದೆ.

"ಬ್ಯಾಡ," ಅಂದ. "ಎಲ್ಲಾ ಮುಗದೈತಿ. ಸುಮ್ನಿರು."

ಇನ್ನೂ ಶುರುವೇ ಆಗಿರಲಿಲ್ಲ.

"ನಿಮ್ಮ ಹೆಸರೇನಮ್ಮ?" ಅಧಿಕಾರಿ ಕೇಳಿದರು.

ಅವ್ವ ಹಿಂದೆ ತಿರುಗಿ ನೋಡಿದಳು. ನೀವು ಅಂದದ್ದು ಯಾರಿಗೋ ಅಂತ.

"ನಿಮ್ಮನ್ನೇ."

"ಜಂಬಕ್ಕರಿ."

"ಆ ದಿನ ಮಿಲ್ಲಿಗೆ ಯಾಕೆ ಹೋಗಿದ್ರಿ?"

ಅವ್ವ ಯರ್ರಿಸ್ವಾಮಿಯನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. "ಹೊಟ್ಟು... ಹೊಟ್ಟು ಕೇಳಾಕ ಹೋಗಿದ್ದೇರಿ."

"ಕೆಲಸಕ್ಕಲ್ಲ?"

"ಹೊಟ್ಟು ಕೇಳಾಕ ಹೋಗಿದ್ದೇರಿ," ಅಂದಳು ಅವ್ವ. ಅವಳಿಗೆ ಕಲಿಸಿದ್ದು ಅಷ್ಟೇ.

ನಾಗೇಂದ್ರಪ್ಪನವರು ಎದ್ದರು. ಪಡಸಾಲಿಯ ಬೈಗುಳವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಇಲ್ಲಿ ಬಾಯಿ ತುಂಬ ಬೆಣ್ಣೆ. "ಸ್ವಾಮಿ, ಆಕೆ ಮಿಲ್ಲಿನ ಕಾರ್ಮಿಕಳೇ ಅಲ್ಲ ಅಂತ ಆಕೆಯೇ ಒಪ್ಪಿದಾಳೆ. ಹೊಟ್ಟೋ ಕಾಳೋ ದೇವರಿಗೇ ಗೊತ್ತು. ಕಳವಿನ ಕೇಸು ಕೊಡಬಹುದಿತ್ತು. ಬಡವಿ ಅಂತ ನಮ್ಮ ಕಕ್ಷಿದಾರರು ದೊಡ್ಡ ಮನಸ್ಸು ಮಾಡಿದಾರೆ."

ಕಳವು ಅನ್ನುವ ಮಾತು ಬರುವುದಿಲ್ಲ ಅಂತ ಯರ್ರಿಸ್ವಾಮಿ ನಮ್ಮ ರೊಟ್ಟಿ ತಿಂದು ಹೇಳಿದ್ದ.

"ನಿಮ್ಮದೇನ್ರಿ?" ಅಧಿಕಾರಿ ಅವನನ್ನು ಕೇಳಿದರು.

"ನಮ್ಮ ತಕರಾರಿಲ್ಲ ಸಾರ್."

ಅಧಿಕಾರಿ ಪೆನ್ನಿನಿಂದ ಹಣೆ ಒತ್ತಿಕೊಂಡರು. ಟೈಪಿನವನಿಗೆ ಬರೆದುಕೊಳ್ಳಲು ಸನ್ನೆ ಮಾಡಿದರು. "ಸರಿ ಅಮ್ಮ. ನೀವಿನ್ನು ಹೋಗಬಹುದು."

ಹೋಗಬಹುದು ಅಂದದ್ದು ಅವ್ವನಿಗೆ ಗೊತ್ತಾಯಿತು. ಬಾಗಿಲ ಕಡೆ ತಿರುಗಿದಳು. ನಡೆದಳು. ಬಾಗಿಲಲ್ಲಿ ಪಕ್ಕೀರಪ್ಪ ನಿಂತಿದ್ದ. ಅವನ ಮುಂದೆ ಬಂದು ಅವ್ವ ನಿಂತಳು.

ಬಲಗೈಯಿಂದ ಉಡಿ ಬಿಚ್ಚಿದಳು. ಸೀರೆಯ ಇನ್ನೊಂದು ಅಂಚನ್ನು ಎಡಗೈಯ ಹೆಬ್ಬೆಟ್ಟಿಗೂ ಮೊಂಡಿಗೂ ನಡುವೆ ಸಿಕ್ಕಿಸಿಕೊಂಡಳು. ಅಂಚು ಜಾರಿತು. ಮತ್ತೆ ಸಿಕ್ಕಿಸಿದಳು. ಜಾಡಿಸಿದಳು. ಇನ್ನೊಂದು ಸಲ ಜಾಡಿಸಿದಳು. ಏನೂ ಬೀಳಲಿಲ್ಲ. ಹಾಗೇ ತಲೆ ತಗ್ಗಿಸಿ ನಿಂತಳು.

"ಹೂಂ, ನಡಿ," ಅಂದ ಪಕ್ಕೀರಪ್ಪ.

ಅಂದವನು ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಟೈಪಿನ ಸದ್ದು ನಿಂತಿತು. ಸಾವ್ಕಾರರ ಕುರ್ಚಿ ಕಿರುಗುಟ್ಟಿತು. ಅವ್ವ ಒಬ್ಬಳೇ ಏನೂ ಆಗಿಲ್ಲ ಅನ್ನುವಂತೆ ಉಡಿ ಕಟ್ಟಿಕೊಳ್ಳುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ದಿನಾ ಮಾಡಿದ್ದನ್ನು ಮಾಡಿದ್ದಳು.

ಅಧಿಕಾರಿ ತಲೆ ಎತ್ತಿದರು. ಬಂದಾಗಿನಿಂದ ಮೊದಲ ಸಲ ಪೂರ್ತಿ ಎತ್ತಿದರು. "ಏನದು? ಆಕೆ ಈಗ ಮಾಡಿದ್ದು ಏನು?"

ನಾಗೇಂದ್ರಪ್ಪನವರು ಕುರ್ಚಿಯ ಹಿಂದಕ್ಕೆ ತಿರುಗಿ ನೋಡಿದರು. ನೋಡಿದ್ದಷ್ಟೇ. ಯರ್ರಿಸ್ವಾಮಿ ಒಂದು ಹೆಜ್ಜೆ ಮುಂದೆ ಬಂದ.

"ತಲೆ ಸರಿಯಿಲ್ಲ ಸಾರ್ ಆಕೆಗೆ. ಕೈ ಹೋದಾಗಿನಿಂದ ಹೀಗೇ. ಹುಚ್ಚುಹುಚ್ಚಾಗಿ ಏನೇನೋ ಮಾಡ್ತಾಳೆ."

ಅವ್ವನಿಗೆ ಕೇಳಿಸಿತು. ಉಡಿ ಕಟ್ಟುತ್ತಿದ್ದ ಕೈ ನಿಂತಿತು. ತಾನು ರೊಟ್ಟಿ ಮಾಡಿ ಹಾಕಿದ ಹುಡುಗನನ್ನು ತಿರುಗಿ ನೋಡಿದಳು. ಬೈಯಲಿಲ್ಲ. ಅವನು ಹೇಳಿದ್ದು ನಿಜವಿರಬಹುದೇನೋ, ವಕೀಲ ಅಲ್ಲವೇ, ಅನ್ನುವ ಹಾಗೆ ನೋಡಿದಳು.

"ನೀವು ಈಕೆಯ ಕಡೆ ವಕೀಲರಲ್ಲವೇನ್ರಿ?" ಅಧಿಕಾರಿ ಕೇಳಿದರು.

"ಹೌದು ಸಾರ್."

ನನ್ನ ಕಿವಿಯಲ್ಲಿ ಮಿಲ್ಲಿನ ಮಷೀನು ತಿರುಗಿದಂತೆ ಸದ್ದಾಯಿತು. ಮಾವ ನನ್ನ ಸೆರಗು ಹಿಡಿದು ಎಳೆದ. "ಸುಮ್ನಿರಬೇ, ದೊಡ್ಡೋರು ಅದಾರ" ಅಂದ. ಸೆರಗು ಬಿಡಿಸಿಕೊಂಡೆ. ಮೇಜಿನ ಮುಂದೆ ಹೇಗೆ ಹೋದೆನೋ ಗೊತ್ತಿಲ್ಲ. ಧ್ವನಿ ಬಂದಾಗ ನನ್ನದೋ ಅಲ್ಲವೋ ಅನ್ನುವಷ್ಟು ಗಟ್ಟಿಯಾಗಿ ಬಂತು.

"ಅಲ್ಲ ಸಾರ್. ಇವರು ನಮ್ಮ ವಕೀಲರಲ್ಲ. ಇವರೂ ಸಾವ್ಕಾರರ ವಕೀಲರೇ."